ಕುಂಯ್ ಮಾಸ್ತರ

ಪೆನ್ಶನ್ ಆದ ಮೇಲೆ ಕೆಲವರು ಮೊಮ್ಮಕ್ಕಳನ್ನು ಆಡಿಸುತ್ತಾರೆ, ಕೆಲವರು ಗುಡಿಯ ಕಮಿಟಿ ಸೇರಿ ಜಗಳ ಆಡುತ್ತಾರೆ. ನಮ್ಮ ಮಾಸ್ತರರು ಮಷಿನ್ ಕೊಂಡರು. ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ. ಜಮಖಂಡಿಯಿಂದ ಬೀಳಗಿಯವರೆಗೆ ಜನ ಕರೆಯುವುದು ಕುಂಯ್ ಮಾಸ್ತರ ಎಂದೇ. ಅಂಥವರು ಇವರೊಬ್ಬರೇ ಅಲ್ಲ. ಹುಡುಕಿದರೆ ತಾಲೂಕಿಗೊಬ್ಬರು ಸಿಗುತ್ತಾರೆ, ಮಷಿನ್ ಕೂಡ ಬೇಕಾಗಿಲ್ಲ.

ಮಷಿನ್ ಎಂದರೆ ಉದ್ದನೆಯ ಕೋಲು, ತುದಿಗೆ ಜೋಳದ ರೊಟ್ಟಿಯಗಲದ ತಟ್ಟೆ, ಕಿವಿಗೆ ಹೆಡ್‌ಫೋನ್. ತಟ್ಟೆಯೊಳಗಿನ ತಂತಿಸುರುಳಿ ನೆಲದೊಳಗೆ ಕಾಂತದ ಅಲೆ ಬಿಡುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿ ಒಂದಿಷ್ಟು ವಿದ್ಯುತ್ ಹುಟ್ಟಿ ಮೇಲಕ್ಕೆ ಸುದ್ದಿ ಮುಟ್ಟಿಸುತ್ತದೆ. ಆಗ ಕುಂಯ್. ನಮ್ಮ ಎರೆಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಹೀಗಾಗಿ ಏನೂ ಇಲ್ಲದಿದ್ದರೂ ಕುಂಯ್. ರಬಕವಿ-ಬನಹಟ್ಟಿಯ ಮಗ್ಗದ ಓಣಿಗಳಲ್ಲಂತೂ ಮೊಳೆ, ನಟ್ಟು, ಸವೆದ ಬಿಡಿಭಾಗ ಎಷ್ಟು ಬಿದ್ದಿವೆಯೆಂದರೆ ಮಷಿನ್ ಒಂದೇ ಉಸಿರಿನಲ್ಲಿ ಸನಾದಿ ಊದುತ್ತದೆ. ಮಾಸ್ತರರು ಆ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ.

ಹಗಲಲ್ಲೇ ಹೊಲದ ಬದುವಿನಲ್ಲಿ ಕೋಲು ಬೀಸುತ್ತ ಹೋಗುವವರನ್ನು ಕಂಡರೆ ನಮ್ಮ ಜನಕ್ಕೆ ಬರುವ ಅನುಮಾನ ಒಂದೇ.

"ನಿಧಿ ಸಿಕ್ತೇನ್ರಿ ಮಾಸ್ತರ?"

"ನಿಧಿ ಯಾರಿಗೆ ಬೇಕೋ ತಮ್ಮಾ? ನನಗ ಬೇಕಾಗಿದ್ದು ಕಂಪನಿ ಸಿಪಾಯಿ ಅಂಗಿಯ ಗುಂಡಿ!"

ಕೇಳಿದವನಿಗೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಬಂಗಾರ ಬಿಟ್ಟು ಗುಂಡಿ ಹುಡುಕುವ ಮನುಷ್ಯನನ್ನು ಯಾರು ನಂಬಿಯಾರು?

ಮಾಸ್ತರರ ಹುಚ್ಚಿಗೆ ಆಧಾರವಿಲ್ಲದಿಲ್ಲ. ಮುಧೋಳ ತಾಲೂಕಿನ ಹಲಗಲಿ ಸಣ್ಣ ಊರಲ್ಲ, ಇತಿಹಾಸದಲ್ಲಂತೂ ಅಲ್ಲ. 1857ರಲ್ಲಿ ಆಯುಧಗಳನ್ನು ಕಂಪನಿ ಸರ್ಕಾರದ ಮುಂದಿಡಬೇಕು ಎಂಬ ಕಾಯ್ದೆ ಬಂದಾಗ ಇಲ್ಲಿನ ಬೇಡರು ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ಕರ್ನಲ್ ಮಾಲ್ಕಂನ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಹಲಗಲಿಯಲ್ಲೇ ಗಲ್ಲಿಗೇರಿಸಿದರು. ಅಷ್ಟೊಂದು ಗುಂಡು ಹಾರಿದ ನೆಲದಲ್ಲಿ ಒಂದಾದರೂ ಉಳಿದಿರಬೇಕಲ್ಲ ಎಂಬುದು ಮಾಸ್ತರರ ಲೆಕ್ಕ. ಈ ಲೆಕ್ಕವನ್ನು ಅವರು ಹಲಗಲಿಯ ಒಬ್ಬ ಅಜ್ಜನ ಮುಂದೆ ಬಿಚ್ಚಿದರು. ಅಜ್ಜ ಎಲೆ ಅಡಿಕೆ ಉಗುಳಿ ಬಂದು ಕೇಳಿದ:

"ಲಾವಣಿ ಕೇಳೀರಿಲ್ಲೋ ಮಾಸ್ತರ? ಮನಿಯಾಗಿನ ಕಬ್ಬಿಣದ ಸಾಮಾನ ಬಿಡಲಿಲ್ಲ, ಬೀಸೋ ಕಲ್ಲ ಸೈತ ಬಿಡಲಿಲ್ಲ, ಎಲ್ಲಾ ಹೇರಕೊಂಡ ಹೋಗ್ಯಾರ. ಇನ್ನ ನಿಮ್ಮ ಮಷಿನ್ ಏನ ಹುಡಕತೈತಿ?"

ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬರು ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಈ ಹಲಗಲಿಯ ಲಾವಣಿಯನ್ನು ಮೂವತ್ತು ವರ್ಷ ಪಾಠ ಮಾಡಿದವರು ಮಾಸ್ತರರು. ಉತ್ತರ ಹೊಳೆಯಲಿಲ್ಲ. ಹೆಡ್‌ಫೋನ್ ಹಾಕಿಕೊಂಡರು.

ಈವರೆಗಿನ ಸಂಪಾದನೆ ಒಂದು ಬಿಸ್ಕೀಟ್ ಡಬ್ಬಿಯಲ್ಲಿದೆ. ಎತ್ತಿನ ಲಾಳದ ತುಂಡು (ಅವರ ಪ್ರಕಾರ ಮಾಲ್ಕಂನ ದಂಡಿನ ಕುದುರೆಯದು), ಟ್ರ್ಯಾಕ್ಟರಿನ ವಾಷರ್ (ಸಿಪಾಯಿಯ ಬಕಲ್), ಲೆಕ್ಕವಿಲ್ಲದಷ್ಟು ಗುಟ್ಕಾ ಚೀಟಿನ ಬೇಗಡೆ. ಜಮಖಂಡಿಯ ಸಂತೆಯಲ್ಲಿ ಕೊಂಡ ಒಂದು ನಾಣ್ಯವೂ ಇದೆ: ಒಂದು ಬದಿಗೆ ಈಸ್ಟ್ ಇಂಡಿಯಾ ಕಂಪನಿ, 1818, ಇನ್ನೊಂದು ಬದಿಗೆ ರಾಮ, ಸೀತೆ, ಹನುಮಂತ. ಕಂಪನಿ ಇಂಥ ನಾಣ್ಯ ಹೊಡೆಸಿದ್ದೇ ಇಲ್ಲ, ಇದು ಜಾತ್ರೆಯ ಬಿಲ್ಲೆ ಎಂದು ತಿಳಿದವರು ಹೇಳಿದರೆ, "ಕಂಪನಿಯವರೂ ಮನುಷ್ಯಾರಽ, ಅವರಿಗೂ ದೇವರು ಬೇಕಲ್ಲ?" ಎನ್ನುತ್ತಾರೆ. ಮುಧೋಳದ ನಾಯಿಗೆ ಸೀಸದ ವಾಸನೆ ಕಲಿಸುವ ಯೋಜನೆಯೂ ನಡೆದಿತ್ತು. ಅದು ಮೂಗಿನ ನಾಯಿಯಲ್ಲ, ಕಣ್ಣಿನ ನಾಯಿ. ಮೊಲ ಕಂಡದ್ದೇ ತಡ, ಯೋಜನೆ ಹೊಲ ದಾಟಿತು.

ಡಬ್ಬಿಯ ರತ್ನವೆಂದರೆ ಹಲಗಲಿಯ ಬದುವಿನಲ್ಲಿ ಸಿಕ್ಕ ಒಂದು ಸೀಸದ ಗುಂಡು. ಬಿಳಿ ಪೊರೆ ಕಟ್ಟಿದೆ, ಒಂದು ಮಗ್ಗುಲು ಚಪ್ಪಟೆ. ಹೊಲದ ಮಾಲೀಕ ಮಾತ್ರ, "ನಮ್ಮಪ್ಪ ಹಂದಿ ಹೊಡೀತಿದ್ದ" ಎಂದು ಹೇಳಿ ಸುಮ್ಮನಾದ.

ಗುಂಡಿನ ಜೊತೆ ಭಯವೂ ಮನೆ ಸೇರಿತು. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ವಸ್ತು ಹತ್ತು ರೂಪಾಯಿ ಮೀರಿದರೆ ಕಲೆಕ್ಟರಿಗೆ ತಿಳಿಸಬೇಕು. ಹೀಗಾಗಿ ಮಾಸ್ತರರ ನೋಟುಬುಕ್ಕಿನಲ್ಲಿ ಪ್ರತಿಯೊಂದಕ್ಕೂ ಬೆಲೆ ಒಂಬತ್ತು ರೂಪಾಯಿ. ಕರ್ನಾಟಕಕ್ಕೆ 1962ರ ಬೇರೆ ಕಾಯ್ದೆಯೇ ಇದೆ ಎಂದು ವಕೀಲರೊಬ್ಬರು ಹೇಳಿದ್ದಾರೆ. ಲೆಕ್ಕ ಕೆಟ್ಟೀತೆಂದು ಇವರು ಅದನ್ನು ಓದಿಲ್ಲ. 1972ರ ಕಾಯ್ದೆ ಬೇರೆ ಕಾಡುತ್ತದೆ: ನೂರು ವರ್ಷ ದಾಟಿದ್ದು ಪುರಾವಸ್ತು. ಅದಕ್ಕೂ ಉಪಾಯ ಸಿಕ್ಕಿತು. ಚಹಾದಂಗಡಿಯಲ್ಲಿ ಗುಂಡು 1857ರದು, ಖಾಕಿ ಕಂಡರೆ 1957ರದು.

ಈ ನಡುವೆ ಜನ ಬೇರೆಯದೇ ಬೇಡಿಕೆ ಇಡುತ್ತಿದ್ದರು. ಕೃಷ್ಣೆಯ ಹಿನ್ನೀರು ಇಳಿದಾಗ ಬೀಳಗಿ ಕಡೆಯ ಅಮ್ಮ ಒಬ್ಬಳು, ಮುಳುಗಿದ ಮನೆಯ ಜಾಗದಲ್ಲಿ ಕಳೆದುಹೋದ ಕಾಲುಂಗುರ ಹುಡುಕಿಕೊಡಿ ಎಂದಳು. "ಇದು ಮಿಲಿಟರಿ ಮಷಿನ್ನವ್ವಾ" ಎಂದು ಹೇಳಿ ಕಳಿಸಿದರು. ಅದನ್ನು ಕೇಳಿದ ಮಾಸ್ತರರ ಹೆಂಡತಿ ಎರಡು ದಿನ ಮಾತು ಬಿಟ್ಟರು. ಅದು ಮಾಸ್ತರರಿಗೆ ಗೊತ್ತಾದದ್ದು ಹೆಡ್‌ಫೋನ್ ತೆಗೆದ ಮೇಲೆ.

ಕೊನೆಗೆ ಯಾರೋ ಚಾಡಿ ಹೇಳಿದರು, ಪೊಲೀಸಪ್ಪ ಮನೆಗೇ ಬಂದ. ಡಬ್ಬಿ ತೆರೆಸಿ ಗುಂಡು ಕೈಗೆತ್ತಿಕೊಂಡ.

"ಯಾವ ಕಾಲದ್ದರೀ ಇದು?"

"1957ರದು ಸಾಹೇಬ್ರ. ಹಳೇದಲ್ಲ."

"ಹಳೇದಲ್ಲ ಅಂದ್ರ ಈಗಿನ ಬಂದೂಕಿನ ಗುಂಡು. ಮನಿಯಾಗ ಇಟ್ಕೊಳ್ಳಾಕ ಲೈಸೆನ್ಸ್ ಐತೇನ್ರಿ?"

ಆಯುಧಕ್ಕೆ ಚೀಟಿ ಕೇಳುವ ಕಾಯ್ದೆ ಹಲಗಲಿಯಿಂದ ಹುಡುಕಿಕೊಂಡು ಮನೆಯ ಪಡಸಾಲೆಗೇ ಬಂದಂತಾಯಿತು. ಮಾಸ್ತರರು ಬೆವರು ಒರೆಸಿಕೊಂಡು, ಪುರಾವಸ್ತುವೂ ಆಗದ, ಹೊಸತೂ ಆಗದ ಇಸವಿಯೊಂದನ್ನು ಬೆರಳೆಣಿಸಿ ಹುಡುಕಿದರು.

"1935 ಅಂತ ಬರಕೊಳ್ಳಾಕ ಆಗತೈತೇನ್ರಿ?"

ಪೊಲೀಸಪ್ಪ ಗುಂಡನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಅದು ಇರಲಿ ಬಿಡ್ರಿ. ನಮ್ಮ ಮನಿಯಾಕಿ ಬೆಂಡ್ವಾಲಿ ಕಬ್ಬಿನ ಹೊಲದಾಗ ಬಿದ್ದೈತಿ, ಮಷಿನ್ ತಗೊಂಡ ಬರ್ರಿ. ಅದು ಯಾವ ಇಸವಿದು ಅಂತ ಮಾತ್ರ ಆಕಿನ್ನ ಕೇಳಬ್ಯಾಡ್ರಿ."