ಭಾವಿ ಡಾಕ್ಟರು

ಗುರುವಾರದ ಗದ್ದಲದಲ್ಲೂ ಮಂತ್ರಾಲಯದಲ್ಲಿ ಇವರನ್ನು ಗುರುತಿಸುವುದು ಸುಲಭ. ಹೆಗಲಲ್ಲಿ ಬಟ್ಟೆಚೀಲ, ಅದರೊಳಗೆ ಪರಿಮಳ ಪ್ರಸಾದದ ಪೊಟ್ಟಣಕ್ಕೆ ಒತ್ತಿಕೊಂಡು ರುಡಿನ್ ಬರೆದ ಗಣಿತದ ಅನಾಲಿಸಿಸ್ ಪುಸ್ತಕ. ಆದೋನಿಯಲ್ಲಿ ಬಿ.ಎಸ್ಸಿ., ಕಲಬುರಗಿಯಲ್ಲಿ ಎಂ.ಎಸ್ಸಿ., ಸದ್ಯಕ್ಕೆ ಪಿಎಚ್.ಡಿ. ಈ ‘ಸದ್ಯಕ್ಕೆ’ ಬಹಳ ಉದ್ದ.

ಆರಾಧನೆಗೆ ಬಂದ ನೆಂಟರು ಕೇಳುತ್ತಾರೆ: "ಥೀಸಿಸ್ಸು ಎಲ್ಲಿಗೆ ಬಂತಪ್ಪಾ?"

"ಮುಗೀಲಿಕ್ಕೆ ಬಂದದ ಮಾವ."

ಆ ಮಾವನ ಮಗಳಿಗೆ ಮದುವೆಯಾಗಿ, ಅವಳ ಮಗ ಎಲ್‌ಕೆಜಿ ಸೇರಿದರೂ ಉತ್ತರ ಬದಲಾಗಿಲ್ಲ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6, ಮರುನೋಂದಣಿ ಮಾಡಿಸಿದರೆ ಇನ್ನೂ 2. ಇದರಲ್ಲಿ ಕನಿಷ್ಠದ ಸಾಲು ಇವರ ಕಣ್ಣಿಗೆ ಬಿದ್ದಂತಿಲ್ಲ.

ವಿಷಯ ದ್ರವಚಲನೆ: ರಂಧ್ರಮಯ ಮಾಧ್ಯಮದಲ್ಲಿ ದ್ರವದ ಹರಿವು. ಹಿಂದಿನವರೊಬ್ಬರು ಸಮೀಕರಣಕ್ಕೆ ಕಾಂತಕ್ಷೇತ್ರ ಸೇರಿಸಿದ್ದರು, ಇವರು ಶಾಖ ಸೇರಿಸಿದರು. ಇವರ ಜೂನಿಯರ್ ಈಗಾಗಲೇ ರಾಸಾಯನಿಕ ಕ್ರಿಯೆಯನ್ನು ಹಿಡಿದು ಕಾಯುತ್ತಿದ್ದಾನೆ. ನಿನ್ನೆಯ ಹುಳಿಗೆ ಇವತ್ತಿನ ಒಗ್ಗರಣೆ ಬಿದ್ದರೆ ಒಂದು ಪೇಪರು ಸಿದ್ಧ. ಮಿಕ್ಕಿದ್ದನ್ನು ರುಂಗೆ-ಕುಟ್ಟಾ ವಿಧಾನ ನೋಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ತುಂಗಭದ್ರೆ ಬತ್ತಿ, ಇದ್ದಬದ್ದ ನೀರು ಮರಳಿನ ಒಳಗೊಳಗೇ ಜಿನುಗುತ್ತದಲ್ಲ, ಅದೇ ಇವರ ಸಮಸ್ಯೆ, ಸಾಕ್ಷಾತ್ತಾಗಿ ಮನೆಬಾಗಿಲಲ್ಲಿ! ತೋರಿಸಿದರೆ ನಕ್ಕುಬಿಟ್ಟರು: "ನಮ್ಮದು ಎರಡು ಸಮಾನಾಂತರ ತಟ್ಟಿಗಳ ನಡುವಿನ ಹರಿವರಿ. ಹೊಳಿಗೆ ದಂಡಿ ಎಲ್ಲಿ ನೆಟ್ಟಗದಾವ?"

ಊರಿನ ಲೆಕ್ಕಾಚಾರವೇ ಬೇರೆ. ಗಣಿತ ಓದಿದವನಿಗೆ ಮಗ್ಗಿ ಬರಬೇಕು, ಚೀಟಿಯ ಬಡ್ಡಿ ಬಾಯಲ್ಲಿರಬೇಕು. ಇವರೋ ಅಂಕಿ ಕಂಡರೆ ಬೆವರುತ್ತಾರೆ. ಎಂ.ಎಸ್ಸಿ. ಮುಗಿಯುವಷ್ಟರಲ್ಲಿ ಪುಸ್ತಕದಲ್ಲಿ ಸೊನ್ನೆ, ಒಂದು ಬಿಟ್ಟರೆ ಬೇರೆ ಅಂಕಿಯೇ ಉಳಿದಿರಲಿಲ್ಲ ಎಂಬುದು ಅವರ ಸಮಜಾಯಿಷಿ. ನನ್ನನ್ನು ಕೇಳಿದರೆ ಅದು ನಿಜವೇ.

ಮೊನ್ನೆ ಮಂತ್ರಾಲಯ ರೋಡ್ ಸ್ಟೇಷನ್ನಿನಿಂದ ಊರಿಗೆ ಏಳು ಜನ ಸೇರಿ ಆಟೋ ಹಿಡಿದೆವು. ಬಾಡಿಗೆ 600 ರೂಪಾಯಿ. ತಲಾ ಎಷ್ಟು ಎಂದು ಎಲ್ಲರೂ ಇವರ ಮುಖ ನೋಡಿದರು. ಇವರು ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳಾಡಿಸಿ, ಕೊನೆಗೆ ತೀರ್ಪು ಕೊಟ್ಟರು: "ಪೂರ್ಣಾಂಕದಾಗ ಇದಕ್ಕ ಪರಿಹಾರ ಇಲ್ರಿ."

ಆಟೋದವನು ಹಿಂದೆ ತಿರುಗದೆಯೇ ಅಂದ: "ಐತ್ರಿ ಸಾರ್. ನೀವು 90 ಕೊಡ್ರಿ, ಉಳಿದವ್ರು 85."