ಕುಬ್ಜವೃಕ್ಷೋಪಾಸಕ

ದುದ್ದ ಹೋಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿ, ಸರ್ಕಾರಿ ನೌಕರಿಯಲ್ಲಿ ಊರೂರು ಸುತ್ತಿ, ನಿವೃತ್ತಿಯ ಹಣದಿಂದ ಹಾಸನದ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡವರ ನಡುವೆ ಕಾಣಿಸಿಕೊಳ್ಳುವ ಒಂದು ಉಪಜಾತಿಯನ್ನು ಕುಬ್ಜವೃಕ್ಷೋಪಾಸಕರೆಂದು ಕರೆಯಬಹುದು. ಮರವನ್ನು ತಟ್ಟೆಯಂಥ ಕುಂಡದಲ್ಲಿಟ್ಟು ಮೊಳದುದ್ದಕ್ಕೆ ತಡೆದು ಬೆಳೆಸುವ, ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಹದಗೊಂಡ ಬೋನ್ಸಾಯ್ ಕಲೆಯೇ ಇವರ ಮತ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಬೋನ್ಸಾಯ್ ವನವೇ ಇವರ ಯಾತ್ರಾಸ್ಥಳ. 1625ರಿಂದ ಕುಂಡದಲ್ಲಿ ಬೆಳೆದು, ಹಿರೋಷಿಮಾದ ಬಾಂಬಿಗೂ ಜಗ್ಗದೆ, 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋದ ಪೈನ್ ಮರದ ಪುರಾಣವನ್ನು, ಕಾಫಿಗೆಂದು ಬಂದ ನೆಂಟರು ಲೋಟ ಕೆಳಗಿಡುವ ಮೊದಲೇ ಇವರು ಹೇಳಿ ಮುಗಿಸುತ್ತಾರೆ.

ಊರಿನ ತೆಂಗಿನ ತೋಟಕ್ಕೆ ನೀರು ಬಿಡುವ ಹೊಣೆಯನ್ನು ಅಣ್ಣನಿಗೆ ವಹಿಸಿ ವರ್ಷಗಳೇ ಕಳೆದಿದ್ದರೂ, ತಾರಸಿಯ ಜಪಾನಿ ಮೇಪಲ್ ಗಿಡಕ್ಕೆ ನೀರುಣಿಸುವ ಕೆಲಸವನ್ನು ಉಪಾಸಕನು ಹೆಂಡತಿಗೂ ಬಿಟ್ಟುಕೊಡುವುದಿಲ್ಲ. ಯುಗಾದಿಗೆ ಮುಂಚಿನ ವಾರಗಳಲ್ಲಿ ಕುಂಡ ಬದಲಿಸುವ ವಿಧಿ ಆರಂಭವಾಗುತ್ತದೆ. ಮೊಗ್ಗು ಉಬ್ಬಿ ಎಲೆ ಬಿಚ್ಚುವ ಮುನ್ನ ಇದನ್ನು ಮುಗಿಸಬೇಕೆಂಬುದು ಶಾಸ್ತ್ರವಾಗಿದ್ದು, ಎಲೆಯಿಲ್ಲದ ಮರ ನೀರನ್ನು ಹೆಚ್ಚು ಆವಿಯಾಗಿಸದ ಕಾರಣ ಕತ್ತರಿಸಿದ ಬೇರು ಚೇತರಿಸಿಕೊಳ್ಳಲು ಬಿಡುವು ಸಿಗುತ್ತದೆಂಬುದು ಅದರ ತರ್ಕ. ಕೆಳಮುಖವಾಗಿ ಇಳಿದ ದಪ್ಪ ಬೇರುಗಳನ್ನು ತೆಗೆದು, ಉಳಿದವನ್ನು ಸುತ್ತಲೂ ಹರಡಿ, ರಂಧ್ರಕ್ಕೆ ಜಾಲರಿ ಹಾಸಿದ ಕುಂಡದಲ್ಲಿ ತಂತಿಯಿಂದ ಬಿಗಿದು ಮಣ್ಣು ತುಂಬಬೇಕು. ಮಣ್ಣೆಂದರೆ ಇಲ್ಲಿ ನೀರು ನಿಲ್ಲದ ಇಟ್ಟಿಗೆಚೂರು ಮತ್ತು ದಪ್ಪ ಮರಳಿನ ಮಿಶ್ರಣ. ಅದನ್ನು ಸೋಸಲು ಅಡುಗೆಮನೆಯ ರಾಗಿಜರಡಿಯೂ, ಬೇರುಗಳ ಸಂದಿಗೆ ತೂರಿಸಲು ಸ್ವೆಟರ್ ಹೆಣೆಯುವ ಕಡ್ಡಿಯೂ ಗುಟ್ಟಾಗಿ ತಾರಸಿಗೆ ಏರುತ್ತವೆ. ಆ ದಿನ ರಾತ್ರಿ ಮುದ್ದೆಯಲ್ಲಿ ಕಟಕಟ ಎನ್ನುವುದು ಏನೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಹಿರೋಷಿಮಾದಿಂದ ಶುರುವಾಗುತ್ತದೆಂಬುದು ಎಲ್ಲರಿಗೂ ಗೊತ್ತು.

ರೆಂಬೆಗಳಿಗೆ ಸುರುಳಿಯಾಗಿ ಅಲ್ಯುಮಿನಿಯಂ ತಂತಿ ಸುತ್ತಿ ಬೇಕಾದ ಕಡೆಗೆ ಬಾಗಿಸುವುದು ಮುಂದಿನ ಘಟ್ಟ. ಮೇಪಲ್‌ನ ತೊಗಟೆ ತೆಳುವಾದ್ದರಿಂದ ತಂತಿ ಕಚ್ಚುವ ಮೊದಲೇ ಬಿಚ್ಚಬೇಕು. ಕಾಯಿ ಮೂಟೆ ಇಳಿಸಲು ಬರುವ ಅಣ್ಣ ಇದನ್ನೆಲ್ಲ ಸುತ್ತಿ ಬಂದು ನೋಡಿ, “ಅಲ್ಲ ಕಣೋ, ಇದರ ಹೊಟ್ಟೆಗೆ ಏನಾದ್ರೂ ಹಾಕ್ತೀಯೋ ಇಲ್ವೋ?” ಎನ್ನುತ್ತಾನೆ. ಉಪಾಸಕನು ಅಣ್ಣನ ಅಜ್ಞಾನಕ್ಕೆ ಮರುಗಿ ಕತ್ತರಿಗೆ ಎಣ್ಣೆ ಹಚ್ಚುತ್ತಾನೆ.

ಇಷ್ಟಾದರೂ ಮೇಪಲ್ ಕೆಂಪಾಗುವುದಿಲ್ಲ. ಎಲೆಯುದುರಿಸಿ ಬೆಳವಣಿಗೆ ನಿಲ್ಲಿಸಿ ವಿಶ್ರಮಿಸುವ ಸುಪ್ತಾವಸ್ಥೆಗೆ ಅದಕ್ಕೆ ವಾರಗಟ್ಟಲೆ ಕಡುಚಳಿ ಬೇಕು. ಮಾಗಿಯ ರಾತ್ರಿಯಲ್ಲೂ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪವಾದ ಹಾಸನದಲ್ಲಿ ಅದು ಪೂರ್ತಿ ಮಲಗುವುದೂ ಇಲ್ಲ, ಸರಿಯಾಗಿ ಏಳುವುದೂ ಇಲ್ಲ, ಬೇಸಿಗೆಯಲ್ಲಿ ಎಲೆಯಂಚು ಸುಟ್ಟುಕೊಂಡು ನಿಲ್ಲುತ್ತದೆ. ಆ ಸುಟ್ಟ ಅಂಚನ್ನೇ ಶರತ್ಕಾಲದ ವರ್ಣವೆಂದು ಫೋಟೋ ತೆಗೆದು ಬೆಂಗಳೂರಿನ ಮಗನಿಗೆ ಕಳಿಸುವುದು ಈ ಉಪಜಾತಿಯ ಖಚಿತ ಲಕ್ಷಣ.

ಅದೇ ಹೊತ್ತಿಗೆ, ಹಕ್ಕಿ ಹಿಕ್ಕೆಯ ಬೀಜದಿಂದ ಊರಿನ ಹಳೆಯ ಬಾವಿಕಟ್ಟೆಯ ಬಿರುಕಿನಲ್ಲಿ ಹುಟ್ಟಿದ ಬಸರಿ ಗಿಡ, ಯಾರೂ ನೀರು ಹಾಕದೆಯೂ, ಹಳೆಯೆಲೆ ಉದುರಿಸಿ ತಾಮ್ರಗೆಂಪು ಚಿಗುರು ಹೊತ್ತಿರುತ್ತದೆ. ಬೇರು ಕತ್ತರಿಸಿದರೂ ತಾಳುವ, ಸವರಿದಷ್ಟೂ ಚಿಗುರುವ, ತಂತಿಗೂ ಬಾಗುವ ಆಲ ಅತ್ತಿಗಳ ಕುಲಕ್ಕೇ ಅದೂ ಸೇರಿದ್ದು. ಹಾಸನದ ತಾರಸಿಗೆ ತಕ್ಕ ಬೋನ್ಸಾಯ್ ಅದೇ.