ಲಗ್ನಪತ್ರಿಕೆಯ ಬೆನ್ನಿನ ನಕ್ಷೆ: ಗುಣದೋಷ ವಿಚಾರ

ಕಾವ್ಯಕ್ಕೆ ಲಕ್ಷಣಗ್ರಂಥವಿದೆ, ರತ್ನಕ್ಕಿದೆ, ಕುದುರೆಗಿದೆ. ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕು ಎಂಬುದಕ್ಕಂತೂ ಬೀದಿಗೊಬ್ಬ ಆಚಾರ್ಯರಿದ್ದಾರೆ. ನಕ್ಷೆಗೆ ಮಾತ್ರ ಇಂಥ ಭಾಗ್ಯವಿಲ್ಲ. ಹಾಗಾಗಿ ಒಂದು ನಕ್ಷೆ ಹೇಗಿದೆ ಎಂದು ಕೇಳಿದರೆ ಪಂಡಿತರು ‘ಬಣ್ಣ ಚೆನ್ನಾಗಿದೆ’ ಎನ್ನುತ್ತಾರೆ, ಪಾಮರರು ‘ಊಟದ ಹೊತ್ತಿಗೆ ತಲುಪಿದೆವು’ ಎನ್ನುತ್ತಾರೆ. ಈ ಎರಡರಲ್ಲಿ ಎರಡನೆಯದೇ ಶಾಸ್ತ್ರಕ್ಕೆ ಹತ್ತಿರವೆಂದು ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ನಮ್ಮ ಪ್ರತಿಜ್ಞೆ ಇಷ್ಟು: ನಕ್ಷೆಯನ್ನು ಅದು ಎಷ್ಟು ತೋರಿಸಿದೆ ಎಂದು ಅಳೆಯಬಾರದು, ಯಾರಿಗಾಗಿ ಏನನ್ನು ಬಿಟ್ಟಿದೆ ಎಂದು ಅಳೆಯಬೇಕು. ಹಾಗೆ ಅಳೆದರೆ ಭೂಮಂಡಲದ ಸಮಸ್ತ ನಕ್ಷಾವಾಙ್ಮಯದಲ್ಲಿ ಅಗ್ರಪೂಜೆ ಸಲ್ಲಬೇಕಾದದ್ದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಅಚ್ಚಾಗುವ, ಕಲ್ಯಾಣಮಂಟಪಕ್ಕೆ ದಾರಿ ತೋರುವ ಅಂಗೈಯಗಲದ ನಕ್ಷೆಗೆ. ವಿದ್ವಾಂಸರು ನಗುವ ಮುನ್ನ ಮುಂದಿನ ಪ್ರಮಾಣಗಳನ್ನು ಚಿತ್ತೈಸಬೇಕಾಗಿ ವಿನಂತಿ. ತಮ್ಮ ಒಪ್ಪಿಗೆಯೇ ಉಡುಗೊರೆ.

ಮೊದಲು ಆಗಮಪ್ರಮಾಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕಾವ್ಯಲಕ್ಷಣ ಹೇಳುವ ಗ್ರಂಥವೆಂಬುದು ಎಲ್ಲರಿಗೂ ಗೊತ್ತು. ಅದರೊಳಗೆ ಒಂದು ನಕ್ಷೆಯೂ ಇದೆ ಎಂಬುದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಕನ್ನಡ ನಾಡು ಯಾವುದೆಂದು ಹೇಳಲು ಗ್ರಂಥಕಾರ ಎಳೆದದ್ದು ಎರಡೇ ಗೆರೆ: ಒಂದು ಕಾವೇರಿ, ಇನ್ನೊಂದು ಗೋದಾವರಿ. ಆ ನಾಡಿನ ತಿರುಳು ಎಲ್ಲಿದೆಯೆಂದು ತೋರಿಸಲು ಇಟ್ಟದ್ದು ನಾಲ್ಕೇ ಚುಕ್ಕೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ಸ್ಕೇಲಿಲ್ಲ, ಸೂಚಿಯಿಲ್ಲ, ಮೂಲೆಯಲ್ಲಿ ಉತ್ತರದ ಬಾಣವಿಲ್ಲ. ಅಷ್ಟೇಕೆ, ಅನ್ನ ಹಾಕುತ್ತಿದ್ದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟಕ್ಕೂ ಒಂದು ಚುಕ್ಕೆಯಿಲ್ಲ! ಗ್ರಂಥಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಹಳೆಯ ಜಗಳವನ್ನು ನಾವು ಬಲ್ಲವರಿಗೇ ಬಿಡುತ್ತೇವೆ. ಬರೆದವನು ಆಸ್ಥಾನಕವಿಯಾದರೆ ಅವನ ಧೈರ್ಯ ದೊಡ್ಡದು, ದೊರೆಯೇ ಆದರೆ ವಿನಯ ದೊಡ್ಡದು. ಕೇಳಿದ ಪ್ರಶ್ನೆ ತಿರುಳ್ಗನ್ನಡ ಎಲ್ಲಿಯದು ಎಂದು. ಅರಮನೆ ಎಲ್ಲಿದೆ ಎಂದಲ್ಲ. ಈ ನಕ್ಷೆ ಬರುವುದು ಕಾವ್ಯದೋಷಗಳನ್ನು ವಿವರಿಸುವ ಮೊದಲ ಪರಿಚ್ಛೇದದಲ್ಲಿ. ಇದನ್ನು ಕಾಕತಾಳೀಯವೆನ್ನುವವರು ಎನ್ನಲಿ.

ಇನ್ನು ಲಕ್ಷ್ಯಪರೀಕ್ಷೆ. ಅರಿಶಿನ ಹಚ್ಚಿದ ಮೂಲೆಯನ್ನು ಹಿಡಿದು ಪತ್ರಿಕೆಯನ್ನು ತಿರುಗಿಸೋಣ. ಎಡದಂಚಿನಿಂದ ಜೋಡಿಗೆರೆಯ ರಸ್ತೆಯೊಂದು ಬಲದಂಚಿಗೆ ಹೋಗುತ್ತದೆ. ಒಂದು ತುದಿಗೆ ಬಾಣ ಹಾಕಿ ‘ಬೆಂಗಳೂರಿಗೆ’, ಇನ್ನೊಂದು ತುದಿಗೆ ‘ಹಾಸನಕ್ಕೆ’. ನಡುವೆ ಬಸ್ ಸ್ಟ್ಯಾಂಡು. ಎದುರಿಗೆ ಪೆಟ್ರೋಲ್ ಬಂಕು. ಬಂಕಿನ ಪಕ್ಕ ಒಡೆಯುವ ಕವಲಿನಲ್ಲಿ ಪುಟ್ಟ ಗೋಪುರ ಬಿಡಿಸಿ ‘ಆಂಜನೇಯ ದೇವಸ್ಥಾನ’. ಮುಂದೆ ಮೀನಿನ ಮುಳ್ಳಿನಂತೆ ರೈಲು ಹಳಿ, ಅದರ ಮೇಲೆ ‘ಗೇಟ್’. ಹಳಿ ದಾಟಿದರೆ ಕಲ್ಯಾಣಮಂಟಪ: ಕಪ್ಪು ತುಂಬಿದ ಚೌಕ, ಸುತ್ತಲೂ ಸೂರ್ಯನಿಗಿರುವಂಥ ಕಿರಣ, ತಾಲ್ಲೂಕು ಆಸ್ಪತ್ರೆಯ ಆರು ಪಟ್ಟು ಗಾತ್ರ. ಬಿಟ್ಟದ್ದೇನು? ಕೆರೆ, ಕೋರ್ಟು, ಕಾಲೇಜು, ಮೂವತ್ತು ಅಡ್ಡರಸ್ತೆ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ರಸ್ತೆಯಲ್ಲಿ ಭೂಮಿಯ ಮೇಲಿದ್ದೂ ನಕ್ಷೆಯ ಮೇಲಿಲ್ಲದ ಇನ್ನೆರಡು ಕಲ್ಯಾಣಮಂಟಪಗಳು. ಯಾರದೋ ಮದುವೆಯಲ್ಲಿ ಉಂಡು, ಮುಯ್ಯಿ ಬರೆಸಿ, ಹೆಣ್ಣಿನ ಮುಖ ನೋಡಿದ ಮೇಲೆ ಎಚ್ಚೆತ್ತುಕೊಳ್ಳುವ ಅನಾಹುತವನ್ನು ನಕ್ಷಾಕಾರ ಒಂದು ಮೌನದಿಂದ ತಡೆದಿದ್ದಾನೆ. ರೈಲ್ವೆ ಗೇಟಿನ ಚಿಹ್ನೆಯಂತೂ ಧ್ವನಿಕಾವ್ಯ. ವಾಚ್ಯಾರ್ಥ: ಇಲ್ಲಿ ಗೇಟಿದೆ. ವ್ಯಂಗ್ಯಾರ್ಥ: ಗೇಟು ಬಿದ್ದರೆ ಇಪ್ಪತ್ತು ನಿಮಿಷ, ಧಾರೆ ತಪ್ಪುತ್ತದೆ, ಮನೆಯಿಂದ ಬೇಗ ಹೊರಡಿ. ಜಾಗ ತೋರಿಸುವ ಗುರುತಿನಿಂದ ಹೊತ್ತನ್ನೂ ತೋರಿಸುವ ಈ ಶಕ್ತಿಯನ್ನು ಧ್ವನಿಸಿದ್ಧಾಂತದ ಆನಂದವರ್ಧನ ಕಂಡಿದ್ದರೆ ಒಂದು ಉದ್ಯೋತವನ್ನೇ ಹೆಚ್ಚಿಗೆ ಬರೆಯುತ್ತಿದ್ದ. ಲಕ್ಷಣಾವೃತ್ತಿಗೆ ಆಲಂಕಾರಿಕರು ತಲೆಮಾರುಗಳಿಂದ ಕೊಡುತ್ತ ಬಂದ ಉದಾಹರಣೆಯೂ ನಕ್ಷೆಗೆ ಸಂಬಂಧಿಸಿದ್ದೇ: ಗಂಗೆಯಲ್ಲಿ ಹಟ್ಟಿ. ನೀರಿನಲ್ಲಿ ಹಟ್ಟಿ ಇರಲಾರದು, ಆದ್ದರಿಂದ ದಡದಲ್ಲಿ ಎಂದು ತಿಳಿಯಬೇಕು. ಸಣ್ಣ ಸ್ಕೇಲಿನ ನಕ್ಷೆಯಲ್ಲಿ ನದಿದಡದ ಊರಿನ ಚುಕ್ಕೆ ನದಿಯೊಳಗೇ ಬೀಳುತ್ತದೆ. ಬಲ್ಲ ನಕ್ಷಾಕಾರ ಅದನ್ನು ಒಂದಿಷ್ಟು ಸರಿಸಿ ದಡಕ್ಕೆ ಹತ್ತಿಸುತ್ತಾನೆ. ಸ್ಥಾನದಲ್ಲಿ ಸುಳ್ಳಾಡಿ ಸಂಬಂಧದಲ್ಲಿ ನಿಜ ಹೇಳುವ ಈ ಕೆಲಸ ಅವನ ನಿತ್ಯಕರ್ಮ.

ಹಾಗಾದರೆ ಎಲ್ಲ ಸುಳ್ಳೂ ಗುಣವೇ ಎಂದರೆ, ಅಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವೆಂಬ ಒಂದೇ ಒರೆಗಲ್ಲಿನ ಮೇಲೆ ಎಲ್ಲವನ್ನೂ ತಿಕ್ಕಿ ನೋಡಿದವನು. ಡಾಬು ಚಿನ್ನದ್ದೇ ಆದರೂ ಕೊರಳಿಗೆ ಕಟ್ಟಿಕೊಂಡರೆ ನಗೆಪಾಟಲು ಎಂಬುದು ಅವನ ವಾದದ ಸಾರ. ಮರ್ಕೇಟರ್ 1569ರಲ್ಲಿ ಪ್ರಕಟಿಸಿದ ಜಗತ್ತಿನ ನಕ್ಷೆ ಹೀಗೆ ಕೊರಳಿಗೆ ಬಿದ್ದ ಡಾಬು. ಅದು ಹಡಗಿನವರಿಗೆಂದು ಮಾಡಿದ್ದು. ದಿಕ್ಸೂಚಿಯ ಒಂದೇ ಕೋನ ಹಿಡಿದು ಸಾಗುವ ದಾರಿ ಅದರಲ್ಲಿ ನೇರ ಗೆರೆಯಾಗಿ ಬೀಳುತ್ತದೆ. ಅದಕ್ಕಾಗಿ ಧ್ರುವದ ಕಡೆ ಹೋದಂತೆಲ್ಲ ನೆಲವನ್ನು ಹಿಗ್ಗಿಸಬೇಕಾಯಿತು. ಹಡಗಿನ ಮೇಜಿನ ಮೇಲೆ ಅದು ಗುಣ. ಅದೇ ನಕ್ಷೆ ಶಾಲೆಯ ಗೋಡೆಗೆ ಬಂದಾಗ ಆಫ್ರಿಕಾದ ಹದಿನಾಲ್ಕನೆಯ ಒಂದು ಭಾಗದಷ್ಟಿರುವ ಗ್ರೀನ್‌ಲ್ಯಾಂಡ್ ಆಫ್ರಿಕಾದ ಸರಿಸಮಕ್ಕೆ ನಿಂತಿತು, ಮಕ್ಕಳು ಅದನ್ನೇ ನಂಬಿದರು. ನಮ್ಮ ಕಲ್ಯಾಣಮಂಟಪವೂ ಹಿಗ್ಗಿದೆ, ಆದರೆ ಮಂಟಪ ನಿಜವಾಗಿಯೂ ಆಸ್ಪತ್ರೆಯ ಆರು ಪಟ್ಟಿದೆ ಎಂದು ಈವರೆಗೆ ಯಾವ ಅತಿಥಿಯೂ ನಂಬಿಲ್ಲ. ಇದು ಅತಿಶಯೋಕ್ತಿಯೆಂದು ಓದುಗನಿಗೆ ಗೊತ್ತಿದ್ದರೆ ಅಲಂಕಾರ, ಗೊತ್ತಿಲ್ಲದಿದ್ದರೆ ದೋಷ.

ದೋಷಗಳಲ್ಲಿ ಅತಿ ಘೋರವಾದದ್ದಕ್ಕೆ ನಾವು ‘ಅರಣ್ಯಮತದೋಷ’ ಎಂದು ಹೆಸರಿಡುತ್ತೇವೆ. ಜಿಲ್ಲೆ ಜಿಲ್ಲೆಗೂ ಬಣ್ಣ ತುಂಬಿ, ಗೆದ್ದವರಾರು, ಜನ ಎಷ್ಟು ಎಂದು ತೋರಿಸುವ ನಕ್ಷೆಗಳಲ್ಲಿ ಇದು ಕಾಣುತ್ತದೆ. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯ ಸುಮಾರು 2,190 ಚದರ ಕಿಲೋಮೀಟರಿನಲ್ಲಿ 96 ಲಕ್ಷ ಜನ. ಹತ್ತು ಸಾವಿರ ಚದರ ಕಿಲೋಮೀಟರು ಮೀರಿದ ಉತ್ತರ ಕನ್ನಡದಲ್ಲಿ 14 ಲಕ್ಷ. ಬಣ್ಣ ತುಂಬಿದ ಕೂಡಲೇ ಕಣ್ಣು ಜನರನ್ನು ಬಿಟ್ಟು ನೆಲವನ್ನು ಎಣಿಸುತ್ತದೆ. ಉತ್ತರ ಕನ್ನಡದ ಬಣ್ಣ ಬೆಂಗಳೂರಿನ ಐದು ಪಟ್ಟು ಗದ್ದಲ ಮಾಡುತ್ತದೆ. ಕಾಳಿ ಕಣಿವೆಯ ತೇಗವೂ ಕಾಡುಕೋಣವೂ ಸರದಿಯಲ್ಲಿ ನಿಂತು ಬೆರಳಿಗೆ ಶಾಯಿ ಹಾಕಿಸಿಕೊಂಡಂತೆ ಭ್ರಮೆ ಹುಟ್ಟುತ್ತದೆ. ಇದರ ತಂಗಿ ‘ಕಾಮನಬಿಲ್ಲುದೋಷ’: ಮಳೆ ಕಡಿಮೆಯಿದ್ದಲ್ಲಿ ಹಸಿರು, ನಡುವೆ ನೇರಳೆ, ಹೆಚ್ಚಿದ್ದಲ್ಲಿ ಹಳದಿ. ತಿಳಿಯಿಂದ ಕಡುವಿಗೆ ಒಂದೇ ಬಣ್ಣ ಏರಿದರೆ ಸೂಚಿ ನೋಡದೆಯೇ ಏರಿಕೆ ತಿಳಿಯುತ್ತದೆ. ಏಳು ಬಣ್ಣ ಬಂದರೆ ಓದುಗ ಪ್ರತಿಸಲವೂ ಮೂಲೆಯ ಡಬ್ಬಿಗಳಿಗೆ ಹೋಗಿ ವಿಚಾರಿಸಿಕೊಂಡು ಬರಬೇಕು. ಇವಕ್ಕೆ ಎದುರಾಗಿ ಗುಣಕ್ಕೆ ಮಾದರಿ ಬೇಕೆಂದರೆ 1854ರ ಲಂಡನ್ನಿನ ಕಾಲರಾ. ವೈದ್ಯ ಜಾನ್ ಸ್ನೋ ಬ್ರಾಡ್ ಸ್ಟ್ರೀಟಿನ ಸುತ್ತಲ ಬೀದಿಗಳನ್ನು ಬಿಡಿಸಿ, ಪ್ರತಿ ಸಾವಿಗೆ ಒಂದು ಕರಿ ಗೀಟಿನಂತೆ ಆಯಾ ಮನೆಯ ಮುಂದೆ ಪೇರಿಸಿ, ನೀರಿನ ಪಂಪುಗಳನ್ನು ಗುರುತಿಸಿದ. ಅಂಗಡಿ, ಆಸ್ತಿ, ಅಂತಸ್ತು ಯಾವುದೂ ಇಲ್ಲ. ಗೀಟುಗಳು ಒಂದು ಪಂಪಿನ ಸುತ್ತ ಮುತ್ತಿಕೊಂಡದ್ದು ಕಣ್ಣಿಗೆ ಹೊಡೆಯಿತು. ಪಂಪಿನ ಹಿಡಿ ಕಿತ್ತದ್ದು ಸೆಪ್ಟೆಂಬರಿನಲ್ಲಿ, ಪುಸ್ತಕದಲ್ಲಿ ನಕ್ಷೆ ಅಚ್ಚಾದದ್ದು 1855ರಲ್ಲಿ; ನಕ್ಷೆ ಹಿಡಿಯನ್ನು ಕೀಳಿಸಲಿಲ್ಲ, ಕಿತ್ತದ್ದು ಸರಿಯೆಂದು ಒಪ್ಪಿಸಿತು. ಶಾಸ್ತ್ರಕಾರರಾದ ನಾವು ಇಷ್ಟಾದರೂ ಕರಾರುವಾಕ್ಕಾಗಿ ಇರಬೇಕು.

ಈಗ ಪೂರ್ವಪಕ್ಷ. ‘ಲಗ್ನಪತ್ರಿಕೆಯ ನಕ್ಷೆಗೆ ಸ್ಕೇಲೇ ಇಲ್ಲವಲ್ಲ!’ ಇದಕ್ಕೆ ಸಮಾಧಾನ: ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ 1931ರಲ್ಲಿ ಬಿಡಿಸಿದ ಲಂಡನ್ನಿನ ಭೂಗತ ರೈಲಿನ ನಕ್ಷೆಗೂ ಇಲ್ಲ. ಅಡ್ಡ, ಉದ್ದ, ನಲವತ್ತೈದು ಡಿಗ್ರಿಯ ಓರೆ, ಇಷ್ಟೇ ಗೆರೆಗಳು. ಒತ್ತೊತ್ತಾದ ನಡುಪೇಟೆಯನ್ನು ಹಿಗ್ಗಿಸಿ, ದೂರದ ಹೊರವಲಯವನ್ನು ಕುಗ್ಗಿಸಿದ. ಮೊದಲು ಬೇಡವೆಂದವರೇ 1933ರಲ್ಲಿ ಅಚ್ಚು ಹಾಕಿಸಿದರು, ಜನ ಕಿಸೆಯಲ್ಲಿಟ್ಟುಕೊಂಡರು. ನೆಲದೊಳಗೆ ಕುಳಿತವನಿಗೆ ಬೇಕಾದದ್ದು ಯಾವ ಸ್ಟೇಷನ್ನಿನ ಆಮೇಲೆ ಯಾವುದು, ಎಲ್ಲಿ ಬದಲಿಸಬೇಕು ಎಂಬುದು, ಮೈಲಿಯಲ್ಲ. ನೆಲದ ಮೇಲಿನ ಸಂಗತಿಗಳಲ್ಲಿ ಬೆಕ್ ಉಳಿಸಿಕೊಂಡದ್ದು ಥೇಮ್ಸ್ ನದಿಯೊಂದನ್ನೇ. 2009ರಲ್ಲಿ ಚೊಕ್ಕಟ ಮಾಡಲು ಹೋದವರು ಅದನ್ನೂ ಅಳಿಸಿದರು. ಊರೇ ಕೂಗೆಬ್ಬಿಸಿತು, ನದಿ ಮರಳಿ ಬಂತು. ಬಿಡುವುದು ಗುಣವೆಂದು ಎಲ್ಲವನ್ನೂ ಬಿಟ್ಟರೆ ಆಗದು, ನದಿಯನ್ನು ಉಳಿಸಬೇಕು ಎಂಬ ಈ ಪಾಠವನ್ನು ಕವಿರಾಜಮಾರ್ಗಕಾರ ಸಾವಿರದ ನೂರು ವರ್ಷ ಮೊದಲೇ ಬಲ್ಲವನಾಗಿದ್ದ. ಆದರೂ ಪೂರ್ವಪಕ್ಷದಲ್ಲಿ ಹುರುಳಿಲ್ಲದಿಲ್ಲ. ಲೆಸ್ಟರ್ ಸ್ಕ್ವೇರಿನಿಂದ ಕಾವೆಂಟ್ ಗಾರ್ಡನ್ನಿಗೆ ರೈಲುದಾರಿ ಸುಮಾರು 260 ಮೀಟರು. ನಕ್ಷೆ ಅದನ್ನು ಹೇಳದ ಕಾರಣ ನಡೆದು ಹೋಗಬಹುದಾದವರು ಟಿಕೆಟ್ ತೆಗೆಯುತ್ತಾರೆ. ನಮ್ಮ ಪತ್ರಿಕೆಯಲ್ಲೂ ದೇವಸ್ಥಾನದಿಂದ ಗೇಟಿಗೆ ಅರ್ಧ ಇಂಚು, ನಡೆದರೆ ಎರಡು ಕಿಲೋಮೀಟರು. ಮಂಡಿನೋವಿನ ಅಜ್ಜಿಗೆ ಇದು ದೋಷ, ಬಸ್ ಸ್ಟ್ಯಾಂಡಿನ ಆಟೋದವರಿಗೆ ಗುಣ. ಯಾರಿಗಾಗಿ ಎಂದು ಕೇಳದೆ ತೀರ್ಪು ಕೊಡಲಾಗದೆಂಬ ನಮ್ಮ ಪ್ರತಿಜ್ಞೆಗೆ ಇದರಿಂದ ಬಲವೇ ಬಂತು.

‘ಉತ್ತರ ಮೇಲಿಲ್ಲ’ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಹೆಚ್ಚು ಹೊತ್ತು ಬೇಡ. 1154ರಲ್ಲಿ ಅಲ್ ಇದ್ರೀಸಿ ಸಿಸಿಲಿಯ ದೊರೆಗೆ ಮಾಡಿಕೊಟ್ಟ ನಕ್ಷೆಯಲ್ಲಿ ದಕ್ಷಿಣ ಮೇಲಿತ್ತು. ಸುಮಾರು 1300ರ ಹೆರೆಫರ್ಡ್ ಭೂಪಟದಲ್ಲಿ ಪೂರ್ವ ಮೇಲೆ, ಜೆರುಸಲೇಮ್ ನಟ್ಟನಡುವೆ. ತಲುಪಬೇಕಾದದ್ದು ಯಾವುದೋ ಅದೇ ಲೋಕದ ನಡು ಎಂಬ ತತ್ತ್ವ ಅದು. ಬಸ್ಸಿಳಿದವನ ಮುಖ ಯಾವ ಕಡೆಗೋ ಅದೇ ಮೇಲು ಎಂಬುದು ನಮ್ಮ ಮುದ್ರಣಾಲಯದ ಸಂಪ್ರದಾಯ.

ಮೂರನೆಯವರು ಅಳತೆಯ ಪಕ್ಷದವರು. ಸರ್ವೆ ಅಧಿಕಾರಿ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನಲ್ಲಿ ಸರಪಳಿ ಹಾಸಿ ತಳರೇಖೆ ಅಳೆದ; ಅರ್ಧ ಟನ್ನಿನ ಥಿಯೋಡೊಲೈಟನ್ನು ದಕ್ಷಿಣದ ಉದ್ದಕ್ಕೂ ಹೊರಿಸಿದ; 1808ರಲ್ಲಿ ತಂಜಾವೂರಿನ ಗೋಪುರಕ್ಕೆ ಎಳೆಯುವಾಗ ಹಗ್ಗ ಹರಿದು ಅದು ಜಜ್ಜಿಹೋದರೆ ಕೂತು ರಿಪೇರಿ ಮಾಡಿಸಿದ. ಅಂಥವರ ಮುಂದೆ ಮುದ್ರಣಾಲಯದ ಹುಡುಗನ ಗೀಚೇ ಎಂದು ಇವರ ಪ್ರಶ್ನೆ. ಅಳತೆಗೆ ನಮ್ಮ ನಮಸ್ಕಾರವಿದೆ. ಅಣ್ಣತಮ್ಮಂದಿರು ಹಿಸ್ಸೆಗೆ ಕಾದಾಡುವಾಗ 33 ಅಡಿಯ ಸರಪಳಿ, ಅದರ ಹದಿನಾರು ಆಣೆ, ಸರಪಳಿಗೆ ಸರಪಳಿ ಚೌಕವಾದ ಗುಂಟೆ, ನಲವತ್ತು ಗುಂಟೆಯ ಎಕರೆ, ಸರ್ವೆಯವರ ಟಿಪ್ಪಣಿ, ಬಾಂದುಕಲ್ಲು ಇವೇ ಗತಿ. ಅಲ್ಲಿ ಪೆಟ್ರೋಲ್ ಬಂಕಿನ ಗುರುತು ಯಾರಿಗೂ ಬೇಡ. ಆದರೆ ಗ್ರಾಮನಕ್ಷೆ ಹಿಡಿದು ಮದುವೆಗೆ ಹೊರಟವನು ಸರ್ವೆ ನಂಬರು ಹುಡುಕುತ್ತ ಬದುವಿನ ಮೇಲೆ ನಿಂತಿರುವಾಗ ಇತ್ತ ಎಲೆ ಎತ್ತಿರುತ್ತಾರೆ. ಗ್ರಾಮನಕ್ಷೆಯ ರಸ ರೌದ್ರ, ಲಗ್ನಪತ್ರಿಕೆಯದು ಶೃಂಗಾರ. ರಸಾಭಾಸವಾಗದಂತೆ ನೋಡಿಕೊಳ್ಳುವುದು ಸಹೃದಯನ ಹೊಣೆ.

ಕೊನೆಯ ಆಕ್ಷೇಪ ತರುಣರದು, ಗಟ್ಟಿಯಾದದ್ದು: ‘ಈಗ ಪತ್ರಿಕೆಯಲ್ಲೇ ಕ್ಯೂಆರ್ ಕೋಡ್ ಇರುತ್ತದೆ, ಫೋನು ಬಾಗಿಲವರೆಗೆ ಬಿಡುತ್ತದೆ, ಈ ನಕ್ಷೆ ಯಾಕೆ?’ ಫೋನು ಬಿಡುತ್ತದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಕೆಲವೊಮ್ಮೆ ಹತ್ತಿರದ ದಾರಿಯೆಂದು ಗದ್ದೆಯ ಬದುವಿಗೂ ಬಿಡುತ್ತದೆ. ನಮ್ಮ ತಕರಾರು ಬೇರೆ. ಹೆರೆಫರ್ಡಿನಲ್ಲಿ ಲೋಕದ ನಡುವೆ ಜೆರುಸಲೇಮ್ ಇತ್ತು, ಪತ್ರಿಕೆಯಲ್ಲಿ ಮಂಟಪವಿದೆ, ಫೋನಿನಲ್ಲಿ ಇರುವುದು ನೀಲಿ ಚುಕ್ಕೆಯಾದ ನಾವು. ‘ಇನ್ನೂರು ಮೀಟರಿನ ನಂತರ ಎಡಕ್ಕೆ’ ಎಂಬ ಆಜ್ಞೆ ಸಿಗುತ್ತದೆ, ಊರು ಸಿಗುವುದಿಲ್ಲ. ಸಿಗ್ನಲ್ ಹೋದರೆ ದಾರಿಯಲ್ಲಿ ನಿಂತವನನ್ನು ಏನೆಂದು ಕೇಳಬೇಕೋ ತಿಳಿಯುವುದಿಲ್ಲ. ಪತ್ರಿಕೆಯ ನಕ್ಷೆ ಕೊಡುವುದು ದಾರಿಯನ್ನಲ್ಲ, ದಾರಿ ಕೇಳಲು ಬೇಕಾದ ನಾಮಪದಗಳನ್ನು: ಬಂಕು, ಆಂಜನೇಯ, ಗೇಟು. ಇವನ್ನು ಬಾಯಲ್ಲಿಟ್ಟುಕೊಂಡವನಿಗೆ ಬೀಡಾ ಅಂಗಡಿಯವನು ಉಳಿದದ್ದನ್ನು ಕೈ ಬೀಸಿ ಹೇಳುತ್ತಾನೆ.

ಒಂದು ಸಂಶಯ ಉಳಿದಿದೆ, ಮುಂದಿನ ಸಂಶೋಧಕರಿಗೆ ಬಿಡುತ್ತೇವೆ. ನಕ್ಷೆಯ ಅಡಿಯಲ್ಲಿ ಚೌಕಟ್ಟಿನ ಹೊರಗೆ, ಇನ್ನೂ ಸಣ್ಣ ಅಕ್ಷರದಲ್ಲಿ, ‘ದಾರಿ ತಿಳಿಯದಿದ್ದರೆ ಸಂಪರ್ಕಿಸಿ’ ಎಂದು ವಧುವಿನ ಸೋದರಮಾವನ ಮೊಬೈಲ್ ನಂಬರಿರುತ್ತದೆ. ಇದು ನಕ್ಷೆಯ ಅಂಗವೇ, ಅಥವಾ ನಕ್ಷೆ ಸೋತಿತೆಂಬ ತಪ್ಪೊಪ್ಪಿಗೆಯೇ? ಅಂಗವೆಂದೇ ನಮ್ಮ ಪಕ್ಷ. ಆದರೆ ಮುಹೂರ್ತದ ಹೊತ್ತಿಗೆ ಸೋದರಮಾವ ಹೆಣ್ಣನ್ನು ಕರೆತರುವ ಗಡಿಬಿಡಿಯಲ್ಲಿರುತ್ತಾನೆ, ಫೋನು ಪಂಚೆ ಉಡಲು ಬಿಚ್ಚಿಟ್ಟ ಪ್ಯಾಂಟಿನ ಜೇಬಿನಲ್ಲಿ ಹೊಡೆದುಕೊಳ್ಳುತ್ತಿರುತ್ತದೆ. ನಕ್ಷೆಯ ಈ ಒಂದು ಭಾಗದ ಸರ್ವೆ ಇನ್ನೂ ಆಗಬೇಕಾಗಿದೆ.